ಹಸಿರು ದಾರದ ಗಂಟು

ಹಡಗು ಬಂದ ದಿನ ಮಾತ್ರ ನಾವು ಹೆಂಗಸರು ಎದುರಿನ ಜನವಿಲ್ಲದ ದ್ವೀಪಕ್ಕೆ ದೋಣಿಯಲ್ಲಿ ಹೋಗಿ, ಇಳಿದು ಬಂದ ಪ್ರವಾಸಿಗರಿಗೆ ಜಡೆ ಹೆಣೆಯುತ್ತೇವೆ. ಒಬ್ಬೊಬ್ಬಳು ಹೆಣೆದ ಜಡೆಯ ತುದಿಗೂ ಅವಳದೇ ಒಂದು ಗಂಟು. ಅವಳು ಸತ್ತರೆ ಆ ಗಂಟನ್ನು ಮತ್ತೆ ಯಾರೂ ಹಾಕುವುದಿಲ್ಲ.

ಅವತ್ತು ಮಧ್ಯಾಹ್ನ ಒಬ್ಬಳು ಬಂದು ನನಗೆ ಬೆನ್ನು ಮಾಡಿ ಕೂತಳು. ಮರಳು ಕಾಲು ಸುಡುತ್ತಿತ್ತು. ಅವಳ ಕೂದಲು ಮಾತ್ರ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಎಷ್ಟು ಹಿಂಡಿದರೂ ನೀರು ಇಳಿಯುತ್ತಲೇ ಇತ್ತು. ಕತ್ತಿನ ಹತ್ತಿರ ಆಗಲೇ ಒಂದು ಸಣ್ಣ ಜಡೆಯಿತ್ತು. ಅದರ ತುದಿಯಲ್ಲಿ ಹಸಿರು ದಾರ, ನನ್ನ ಅಮ್ಮನ ಗಂಟು. ಅಮ್ಮ ಹೋಗಿ ಒಂಬತ್ತು ವರ್ಷವಾಗಿತ್ತು.

ನನ್ನ ಕೈ ನಿಂತಿತು. ಅವಳು ಎದ್ದು, ತಿರುಗಿಯೂ ನೋಡದೆ ಕಾಡಿನ ಕಡೆ ನಡೆದಳು.

"ದೋಣಿ ಈ ಕಡೆ ಕಣಮ್ಮಾ!" ಎಂದು ಅತ್ತಿಗೆ ಲೇಸೆಲ್ ಕೂಗಿ, ನನ್ನತ್ತ ತಿರುಗಿ ನಕ್ಕಳು. "ಅರ್ಧ ಜಡೇಲೇ ಓಡಿಸಿಬಿಟ್ಯಲ್ಲೇ! ಅಷ್ಟು ಜೋರಾಗಿ ಎಳೆದ್ಯಾ?"

ಸಂಜೆ ಮನೆಯಲ್ಲಿ ನನ್ನ ತಲೆ ಬಾಚುತ್ತಿದ್ದ ಅತ್ತಿಗೆಯ ಕೈಯೂ ತಟ್ಟನೆ ನಿಂತಿತು.

"ಏಯ್, ನಿನ್ನ ಕತ್ತಿನ ಹತ್ರ ಈ ಹಸಿರು ದಾರ ಯಾರೇ ಕಟ್ಟಿದ್ದು?"

ಅದಾದ ಮೇಲೆ ಮೂರು ಹಡಗು ಬಂದು ಹೋದವು. ಬಿಚ್ಚುವ ಧೈರ್ಯ ನಮ್ಮಿಬ್ಬರಿಗೂ ಇಲ್ಲ. ದಾರ ಇನ್ನೂ ಒದ್ದೆಯಾಗಿಯೇ ಇದೆ.