ತಕ್ಕಡಿ ಮೇಡಂ ಹೇಳಿದ ಸುಳ್ಳು

"ಯಾವ ಕಾಲೇಜೂ ಸಿಗಲ್ಲ ಅಂತ ಹೇಳಿಬಿಡಿ ಅತ್ತೆ... ನೀವು ಹೇಳಿದ್ರೆ ಅಮ್ಮ ನಂಬ್ತಾಳೆ."

ಹುಡುಗಿ ಇದನ್ನು ಪಿಸುಗುಟ್ಟಲಿಲ್ಲ. ಆ ಮನೆಯಲ್ಲಿ ಪಿಸುಗುಟ್ಟುವ ಅಗತ್ಯ ಯಾರಿಗೂ ಇರಲಿಲ್ಲ, ಬೆನ್ನು ತಿರುಗಿಸಿದರೆ ಸಾಕಿತ್ತು. ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಬೀದಿಯ ಬಾಗಿಲಿನ ಪಕ್ಕ ಯಂತ್ರ, ಎದುರು ಗೋಡೆಗೆ ಗಿರಾಕಿಗಳು ಬಟ್ಟೆ ತೊಟ್ಟು ನೋಡಿಕೊಳ್ಳುವ ಆಳೆತ್ತರದ ಕನ್ನಡಿ. ಹುಡುಗಿ ಆ ಕನ್ನಡಿಯ ಮುಂದೆ ನಿಂತಿದ್ದಳು. ಕಾಲೇಜಿನ ಸಂದರ್ಶನಕ್ಕೆಂದು ಅಮ್ಮ ಹೊಲಿಯುತ್ತಿದ್ದ ಹೊಸ ಅಂಗಿ ಮೈಮೇಲಿತ್ತು, ತೋಳಿಗೆ ಇನ್ನೂ ಗುಂಡುಸೂಜಿಗಳಿದ್ದವು. ಪಕ್ಕದಲ್ಲಿ ಸೋದರತ್ತೆ. ಹಿಂದೆ, ಯಂತ್ರದ ಮುಂದೆ ಅಮ್ಮ. ಕಿವಿ ಕೇಳಿಸದ ಅಮ್ಮ.

ಹುಡುಗಿ ಶಾಲೆಗೆ ಸೇರಿದ ವರ್ಷ ಬಂದ ಜ್ವರವೊಂದು ತಾಯಿಯ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಆಕೆ ನಿಧಾನವಾಗಿ ಜನರ ತುಟಿ ನೋಡಿ ಮಾತು ತಿಳಿಯಲು ಕಲಿತಳು. ಆಮೇಲೆ ಮನೆಯಲ್ಲೊಂದು ರೂಢಿ ತಾನಾಗಿಯೇ ಬೆಳೆಯಿತು. ಅವಳಿಗೆ ತಿಳಿಯಬಾರದ್ದನ್ನು ಬೆನ್ನು ತಿರುಗಿಸಿ ಆಡುವುದು. ಕಾಯಿಲೆ ಬಿದ್ದಿದ್ದ ಗಂಡ ವೈದ್ಯರು ಹೇಳಿದ್ದನ್ನು ತಂಗಿಗೆ ತಿಳಿಸಿದ್ದು ಹಾಗೆಯೇ. ಅವರ ಬೆನ್ನು ತಿರುಗಿದ ಕೂಡಲೇ ತಾಯಿ ತಲೆ ತಗ್ಗಿಸಿ ಹೊಲಿಗೆಯಲ್ಲಿ ಮುಳುಗಿಬಿಡುತ್ತಿದ್ದಳು. ಅದೂ ರೂಢಿಯ ಒಂದು ಭಾಗವೇ ಎಂದು ಎಲ್ಲರೂ ಅಂದುಕೊಂಡಿದ್ದರು.

ಗಂಡ ತೀರಿಕೊಂಡ ದಿನದಿಂದ ಆಕೆ ಮಾತನ್ನೂ ಬಿಟ್ಟಳು. ಅಂದು ಅಳುತ್ತ ಅವನನ್ನು ಕರೆಯುತ್ತಿದ್ದಾಗ ತನ್ನ ಧ್ವನಿ ಎಷ್ಟು ಎತ್ತರಕ್ಕೆ ಹೋಗಿದೆಯೆಂದು ಅವಳಿಗೆ ಹೇಗೆ ತಿಳಿಯಬೇಕು? ನಾದಿನಿ, ಅಂದರೆ ಈ ಸೋದರತ್ತೆಯೇ, ಎದುರಿಗೆ ಬಂದು ಹೇಳಿದ್ದಳು: "ಮೆಲ್ಲಗೆ ಅತ್ತಿಗೆ, ಜನ ನೋಡ್ತಿದ್ದಾರೆ." ಆ ತುಟಿಗಳ ಚಲನೆಯನ್ನು ಅವಳು ಸ್ಪಷ್ಟವಾಗಿ ಓದಿದ್ದಳು. ಆಮೇಲೆ ಮಗಳೊಂದಿಗೆ ಕೈಸನ್ನೆ, ಗಿರಾಕಿಗಳೊಂದಿಗೆ ಮಗಳೇ ಬಾಯಿ, ಮಗಳೇ ಕಿವಿ.

ನಾದಿನಿಯದು ಮೊದಲಿನಿಂದಲೂ ನೇರ ಮಾತು. ಅವಳ ಕೆಲಸವೂ ಅಂಥದ್ದೇ. ಆರಿಸಿ ಆರಿಸಿ ಮಕ್ಕಳನ್ನು ತೆಗೆದುಕೊಳ್ಳುವ ಕಾಲೇಜೊಂದರ ಪ್ರವೇಶ ಸಮಿತಿಯಲ್ಲಿ ವರ್ಷಗಟ್ಟಲೆ ಇದ್ದವಳು, ಈಗ ಹೈಸ್ಕೂಲು ಮುಗಿಸುವ ಮಕ್ಕಳನ್ನು ಕೂರಿಸಿಕೊಂಡು ಯಾರಿಗೆ ಎಲ್ಲಿ ಸೀಟು ಸಿಕ್ಕೀತು ಎಂದು ಹೇಳುತ್ತಿದ್ದಳು. ಅಂಕ ನೋಡುವಳು, ಒಂದು ಲೆಕ್ಕ ಕೊಡುವಳು, ಸ್ವಲ್ಪ ಹೊತ್ತು ಮಾತಾಡಿಸುವಳು. ಕೊನೆಗೆ ಒಂದೇ ಪದ: "ಖಂಡಿತ", ಇಲ್ಲವೇ "ನೋಡೋಣ", ಇಲ್ಲವೇ "ಕಷ್ಟ". ಮಕ್ಕಳು ಅವಳಿಗೆ ತಕ್ಕಡಿ ಮೇಡಂ ಎಂದು ಹೆಸರಿಟ್ಟಿದ್ದರು. ಯಾರೋ ತಂದೆಯೊಬ್ಬರು ನಮ್ಮ ಹುಡುಗನ ಕಡೆ ಒಂಚೂರು ವಾಲಿಸಿ ಎಂದು ಕೇಳಿಕೊಂಡಾಗ, ಇದು ತರಕಾರಿ ಅಂಗಡಿಯಲ್ಲ, ಕೊಸರು ಹಾಕಲ್ಲ ಎಂದು ಹೇಳಿ ಕಳಿಸಿದ್ದಳಂತೆ.

ಅಣ್ಣ ಹೋದ ಮೇಲೆ ಈ ಮನೆಗೆ ಅವಳು ಬರುವುದು ಅಪರೂಪವಾಗಿತ್ತು. ಈ ಭಾನುವಾರ ಬಂದದ್ದು ಅತ್ತಿಗೆಯೇ ಹೇಳಿಕಳಿಸಿದ್ದರಿಂದ. ಮಗಳು ದೂರದ ಊರಿನ ಗಣಿತದ ಕಾಲೇಜಿಗೆ ಹೋಗಬಲ್ಲಳೇ, ಇಲ್ಲವೇ? ಸುಮ್ಮನೆ ಆಸೆ ಇಟ್ಟುಕೊಳ್ಳುವುದು ಬೇಡ, ತೂಗಿ ಹೇಳಲಿ.

ಬೆಳಗಿನಿಂದ ಅತ್ತೆ ತೂಗಿದ್ದಳು. ಅಂಕಗಳೇನೋ ಚೆನ್ನಾಗಿದ್ದವು, ಆದರೆ ಅಂಥ ಅಂಕ ತರುವವರು ಬೇಕಾದಷ್ಟು ಜನ. ಅವಳ ಮನಸ್ಸು ಹಿಡಿದದ್ದು ಬೇರೆ. ಕೊಟ್ಟ ಲೆಕ್ಕದ ಅರ್ಧದಲ್ಲಿ ಹುಡುಗಿ ನಿಂತುಬಿಟ್ಟಿದ್ದಳು. ಬೇರೆ ಮಕ್ಕಳಾದರೆ ಅಲ್ಲಿ ಏನಾದರೊಂದು ಮಾತು ತುಂಬಿಸುತ್ತಾರೆ, ನಗುತ್ತಾರೆ, ಅತ್ತೆಯ ಮುಖ ನೋಡುತ್ತಾರೆ. ಈ ಹುಡುಗಿ ಇಲ್ಲಿಂದ ಮುಂದೆ ಗೊತ್ತಾಗುತ್ತಿಲ್ಲ ಎಂದವಳೇ ಆ ಗೊತ್ತಿಲ್ಲದ ಜಾಗದಲ್ಲಿ ಸುಮ್ಮನೆ ಕೂತಳು. ಎಷ್ಟೋ ಹೊತ್ತು. ಆಮೇಲೆ ಪೆನ್ಸಿಲು ತಾನಾಗಿ ಅಲುಗಿತು. ಮೌನಕ್ಕೆ ಹೆದರದೆ ಕೂರುವುದನ್ನು ಯಾವ ಟ್ಯೂಷನ್ನೂ ಕಲಿಸುವುದಿಲ್ಲ. ಇದು ಈ ಮನೆಯಲ್ಲಿ, ಈ ತಾಯಿಯ ಪಕ್ಕದಲ್ಲಿ ಕಲಿತದ್ದು ಎಂದು ಅತ್ತೆಗೆ ಹೊಳೆಯಿತು.

"ನಿಂಗೆ ಸಿಗುತ್ತೆ ಕಣೇ," ಎಂದಳು ಈಗ, ಕನ್ನಡಿಯಲ್ಲಿ ಹುಡುಗಿಯ ಮುಖ ನೋಡುತ್ತ. "ಖಂಡಿತ ಅನ್ನೋ ಮಾತು ನಾನು ಸುಮ್ಮಸುಮ್ಮನೆ ಆಡಲ್ಲ."

"ಅದಕ್ಕೇ ಬೇಡ ಅಂದಿದ್ದು. ಬಾಗಿಲು ಬಡಿದ್ರೆ ಅವಳಿಗೆ ಕೇಳಲ್ಲ. ಕುಕ್ಕರ್ ಕೂಗಿದ್ರೆ ಕೇಳಲ್ಲ. ಗಿರಾಕಿ ಒಂದು ಹೇಳಿದ್ರೆ ಇವಳು ಸುಮ್ನೆ ತಲೆ ಆಡಿಸ್ತಾಳೆ. ನಾನು ಹೋದ್ರೆ..." ಹುಡುಗಿ ತೋಳಿನ ಗುಂಡುಸೂಜಿಯೊಂದನ್ನು ಒಳಗೆ ಒತ್ತಿದಳು. "ನನ್ನ ಬಾಯಲ್ಲೇ ಬೇಡ ಅನ್ನಿಸ್ಬೇಡಿ. ನೀವೇ ಕಷ್ಟ ಅಂದ್ಬಿಡಿ. ಅಪ್ಪನ ಆಣೆ."

"ಇವತ್ತಿನವರೆಗೆ ಯಾವ ಮಗು ವಿಷಯದಲ್ಲೂ ಸುಳ್ಳು ಹೇಳಿಲ್ಲ ನಾನು."

"ನಂಗೋಸ್ಕರ ಒಂದ್ಸಲ ಹೇಳಿ."

ಕನ್ನಡಿಯಲ್ಲಿ ಅತ್ತೆಗೆ ಕಂಡ ಆ ಮುಖದ ಹಣೆ, ಹುಬ್ಬು ಅಣ್ಣನವೇ ಆಗಿದ್ದವು. ಅಣ್ಣನಿಗೆ ಯಾವತ್ತೂ ಇಲ್ಲ ಎನ್ನಲು ಬಾರದವಳು ಅವಳು. ನಿಧಾನವಾಗಿ ತಿರುಗಿ, ಯಂತ್ರದ ಮುಂದೆ ಹೋಗಿ, ಅತ್ತಿಗೆಗೆ ಕಾಣುವಂತೆ ಮುಖವೆತ್ತಿ ನಿಂತಳು.

"ಕಷ್ಟ, ಅತ್ತಿಗೆ."

ತಾಯಿ ಆ ತುಟಿಗಳನ್ನು ದಿಟ್ಟಿಸಿದಳು. ಮಾತು ಮುಗಿದ ಮೇಲೂ ನೋಡುತ್ತಲೇ ಇದ್ದಳು. ಆಮೇಲೆ ದಾರ ಕತ್ತರಿಸಿ, ಬಟ್ಟೆ ಮಡಚಿ ಪಕ್ಕಕ್ಕಿಟ್ಟಳು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಡಿತು. ಬಸ್ ಕಂಡಕ್ಟರು, ಹಳೆಯ ಗಿರಾಕಿ, ಹೊಸ ಪ್ಯಾಂಟಿನ ಬಟ್ಟೆ ಹಿಡಿದು ಬಂದಿದ್ದ. ಹುಡುಗಿ ಕಣ್ಣೊರೆಸಿಕೊಂಡು ಎಂದಿನಂತೆ ಮುಂದೆ ಬಂದಳು. ತಾಯಿ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿ, ತಾನೇ ಟೇಪು ತೆಗೆದುಕೊಂಡು ಎದ್ದಳು.

"ಬನ್ನಿ," ಎಂದಳು.

ವರ್ಷಗಳಿಂದ ಮುಚ್ಚಿದ್ದ ಬಾಗಿಲು ತೆರೆದಂತಿತ್ತು ಆ ಸದ್ದು. ಒರಟು, ಎತ್ತರ, ಎಲ್ಲೆಲ್ಲೋ ಒಡೆದ ಧ್ವನಿ. ಕಂಡಕ್ಟರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಹುಡುಗಿಯ ಕೈ ಬಾಯಿಗೆ ಹೋಯಿತು.

"ನಂಗೆ ಕಿವಿ ಕೇಳ್ಸಲ್ಲ. ನನ್ನ ಮುಖ ನೋಡಿ, ನಿಧಾನವಾಗಿ ಹೇಳಿ."

ಅವನು ಅವಳ ಮುಖಕ್ಕೆ ತಿರುಗಿ, ಸೊಂಟದ ಹತ್ತಿರ ಸ್ವಲ್ಪ ಸಡಿಲ ಬಿಡಿ, ಮುಂದಿನ ತಿಂಗಳಿಂದ ಹೊಟ್ಟೆ ಇಳಿಸ್ತೀನಿ ಎಂದ.

"ಹೋದ ವರ್ಷಾನೂ ಇದೇ ಹೇಳಿದ್ರಿ. ಸುಮ್ನೆ ಇನ್ನೂ ಎರಡಿಂಚು ಬಿಡ್ತೀನಿ."

ಕಂಡಕ್ಟರು ನಗುತ್ತ ಅಳತೆ ಕೊಟ್ಟು ಹೋದ. ತಾಯಿ ಟೇಪು ಸುತ್ತಿಟ್ಟಳು. ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂತು ನಾದಿನಿಯ ಕಡೆ ತಿರುಗಿದಳು.

"ಇಲ್ಲಿ ಕೂತ್ರೆ ಕನ್ನಡೀಲಿ ಎಲ್ಲರ ತುಟೀನೂ ಕಾಣುತ್ತೆ. ಮೊದಲಿಂದ್ಲೂ ಕಾಣುತ್ತೆ. ನೀವೆಲ್ಲ ಬೆನ್ನು ತಿರುಗಿಸಿದಾಗ ನಾನೇ ಕಣ್ಣು ಇಳಿಸ್ತಿದ್ದೆ... ನಂಗೆ ಬೇಡ ಅಂತ ಬಚ್ಚಿಟ್ಟಿದ್ದನ್ನ ಯಾಕೆ ನೋಡ್ಲಿ ಅಂತ. ಇವತ್ತು ಇಳಿಸ್ಲಿಲ್ಲ. ನನ್ನ ಮಗಳ ವಿಷಯ ಅದು."

ಇಷ್ಟು ವರ್ಷ ಬೆನ್ನ ಹಿಂದೆ ಇದ್ದದ್ದು ಕಿವುಡಲ್ಲ, ಮರ್ಯಾದೆ ಎಂದು ಅತ್ತೆಗೂ ಹುಡುಗಿಗೂ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು.

"ಈಗ ನನ್ನ ಎದುರಿಗೆ ಹೇಳಿ. ಅವಳಿಗೆ ಸಿಗುತ್ತಾ?"

ತಕ್ಕಡಿ ಮೇಡಂ ಬಾಯಿ ತೆರೆದಳು, ಮಾತು ಬರಲಿಲ್ಲ. ತುಟಿ ಮಾತ್ರ ಆಡಿತು. ಅತ್ತಿಗೆಗೆ ಅಷ್ಟು ಸಾಕಿತ್ತು.

"ಖಂಡಿತ," ಎಂದು ತಾನೇ ಗಟ್ಟಿಯಾಗಿ ಓದಿದಳು ಅವಳು.

ಹುಡುಗಿ ಅಮ್ಮನ ಮಡಿಲಿಗೆ ಮುಖವಿಟ್ಟು ಬಿಕ್ಕಿದಳು. ತೋಳಿನ ಗುಂಡುಸೂಜಿ ತಾಯಿಯ ಕೈಗೆ ಚುಚ್ಚಿತು, ಆಕೆ ಕೈ ತೆಗೆಯಲಿಲ್ಲ. ಮಗಳು ಅಲ್ಲಿಂದಲೇ ಏನೋ ಹೇಳುತ್ತಿದ್ದಳು. ಗಲ್ಲ ಹಿಡಿದು ಆ ಮುಖವನ್ನು ಬೆಳಕಿಗೆ ಎತ್ತಬೇಕಾಯಿತು.

"ನಾನು ಹೋದ್ರೆ ನಿನ್ನ ಹತ್ರ ಯಾರಿರ್ತಾರಮ್ಮ?"

"ನಾನಿರ್ತೀನಲ್ಲ," ಎಂದಳು ತಾಯಿ. "ನೀನಿದ್ದೀಯ ಅಂತ ನಾನು ಬಾಯೇ ಬಿಡ್ಲಿಲ್ಲ. ನಿನ್ನ ಬಾಯಿ ನಿಂಗೆ ಬೇಕು ಕಂದ, ತಗೊಂಡು ಹೋಗು."

ಬೀದಿಯಲ್ಲಿ ಹೋಗುತ್ತಿದ್ದವರಿಬ್ಬರು ಒಳಗೆ ಇಣುಕಿ ನೋಡಿದರು. ಅವರ ನೋಟ ಕಂಡು ತಾಯಿ ತಟ್ಟನೆ ಸುಮ್ಮನಾದಳು. ಹಳೆಯ ಭಯ ಮತ್ತೆ ಮುಖಕ್ಕೆ ಬಂತು. ನಾದಿನಿಯನ್ನು ಕೇಳಿದಳು: "ಜೋರಾಯ್ತಾ?"

ನಾದಿನಿಯ ಕಣ್ಣುಗಳು ತುಂಬಿ ಬಂದವು. ಬಾಗಿಲ ಬಳಿ ಹೋದಳು. ಮುಚ್ಚುತ್ತಾಳೇನೋ ಎಂದುಕೊಂಡಳು ಹುಡುಗಿ. ಅವಳು ಅದನ್ನು ಪೂರ್ತಿ ತೆರೆದು ಗೋಡೆಗೆ ಒತ್ತಿ ನಿಲ್ಲಿಸಿ, ಮೂಲೆಯಲ್ಲಿದ್ದ ಸ್ಟೂಲನ್ನು ಯಂತ್ರದ ಎದುರಿಗೆ ಎಳೆದುಕೊಂಡಳು. ಮುಖದ ಮೇಲೆ ಬೆಳಕು ಬೀಳುವಂತೆ ಕೂತಳು.

"ಇಲ್ಲ ಅತ್ತಿಗೆ," ಎಂದಳು. "ಹೇಳಿ. ಅಂಗಿ ತೋಳು ಯಾವಾಗ ಮುಗಿಯುತ್ತೆ?"