ಹಿಟ್ಟಿಗೆ ಬಾರದ ಮೀನುಗಳು

ಗುಹೆಯೊಳಗಿನ ಕೆರೆಯಲ್ಲಿ ಕಣ್ಣಿಲ್ಲದ ಬಿಳಿ ಮೀನುಗಳು ಎಷ್ಟಿವೆ? ನೂರಕ್ಕಿಂತ ಕಡಿಮೆಯಿದ್ದರೆ ಅವು ಹೇಗೂ ಉಳಿಯುವುದಿಲ್ಲ, ಸೋಮವಾರವೇ ಪಂಪು ಹಚ್ಚಿ ನೀರೆತ್ತುತ್ತೇವೆ ಎಂದು ಮೇಲಧಿಕಾರಿಗಳು ಹೇಳಿಬಿಟ್ಟಿದ್ದರು. ಎಣಿಸಿ, ಲೆಕ್ಕಕ್ಕೆ ಸಹಿ ಹಾಕಬೇಕಾದವಳು ಎಣಿಕೆಗಾರ್ತಿ. ಅವಳ ಜೊತೆ ಹೊರಟವರು ಇಬ್ಬರು: ಬಲೆ ಬೀಸಲು ಸೋದರಮಾವ, ಹಗ್ಗ ಹಿಡಿಯಲು ಗುಹೆಗಳಲ್ಲೇ ಪಳಗಿದ ಹಗ್ಗದಕ್ಕ.

ಕೆರೆಯ ಮೀನನ್ನೆಲ್ಲ ಎಣಿಸಲು ಹರಿಬ್ರಹ್ಮ ಬಂದರೂ ಆಗದು. ಅದಕ್ಕೇ ಹೋದ ತಿಂಗಳು ಅರವತ್ತು ಮೀನು ಹಿಡಿದು, ಬಾಲದಂಚಿಗೆ ಪುಟ್ಟ ಕತ್ತರಿ ಗುರುತು ಹಾಕಿ ಬಿಟ್ಟಿದ್ದರು. ಈಗ ಮತ್ತೆ ಮೂವತ್ತು ಹಿಡಿಯಬೇಕು. ಅದರಲ್ಲಿ ಗುರುತಿನವು ಒಂದೆರಡೇ ಇದ್ದರೆ ಕೆರೆಯಲ್ಲಿ ಬೇಕಾದಷ್ಟು ಮೀನಿವೆ. ಸಿಕ್ಕವೆಲ್ಲ ಗುರುತಿನವೇ ಆದರೆ ಬೇರೆ ಮೀನೇ ಇಲ್ಲವೆಂದು ಅರ್ಥ.

ಮೂರು ಗಂಟೆ ತೆವಳಿ, ಹಗ್ಗ ಹಿಡಿದು ಇಳಿದು ದಡ ಮುಟ್ಟಿದರು. ಮಾವ ಹಿಟ್ಟಿನುಂಡೆ ಎಸೆದದ್ದೇ ತಡ, ಮೀನುಗಳು ನಾ ಮುಂದು ತಾ ಮುಂದು ಎಂದು ಬಂದವು. ಅರ್ಧ ಗಂಟೆಗೆ ಮೂವತ್ತು ಸಿಕ್ಕವು.

ಇಪ್ಪತ್ತೇಳಕ್ಕೆ ಗುರುತಿತ್ತು.

"ಹತ್ತಕ್ಕೆ ಒಂಬತ್ತು ಗುರುತಿನವೇ. ಗುರುತಿನವು ಅರವತ್ತಾದ್ರೆ, ಕೆರೆಯಲ್ಲಿ ಒಟ್ಟು ಅರವತ್ತೇಳು," ಎಂದಳು ಎಣಿಕೆಗಾರ್ತಿ. ಅವಳಿಗೆ ಅಳು ಬಂತು.

"ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು ಕಣೇ. ಮುಗೀತು," ಎಂದು ಮಾವ ಕುಸಿದು ಕೂತ. "ಎಷ್ಟು ಹೊಂದಿಕೊಂಡಿದ್ವು ಗೊತ್ತಾ! ಗುರುತು ಹಾಕಿದ್ಮೇಲೆ ವಾರವೆಲ್ಲ ಬಂದು ಹಿಟ್ಟು ಹಾಕ್ತಿದ್ದೆ."

"ಏನಂದ್ರಿ?"

"ನೋವು ಮಾಡಿದ್ವಲ್ಲ, ಪಾಪ ಅಂತ..."

"ಅಯ್ಯೋ ಮಾವ! ರುಚಿ ಹತ್ತಿದವೇ ಮತ್ತೆ ಬಂದಿವೆ! ಅಗುಳು ನೋಡೋಕ್ಮುಂಚೆ ಸೌಟು ಹಾಕಿ ತಿರುವಬೇಕಲ್ವಾ? ನೀವು ತಳದ್ದು ಬಿಟ್ಟು ಮೇಲಿಂದೇ ಹಿಸುಕಿದ್ದೀರಿ!"

ಹಿಡಿದದ್ದನ್ನೆಲ್ಲ ನೀರಿಗೆ ಬಿಟ್ಟರು. ಅವಳು ನಕ್ಷೆಯಲ್ಲಿ ಕೆರೆಯನ್ನು ಇಪ್ಪತ್ತು ಚೌಕ ಮಾಡಿ, ಚೀಟಿ ಬರೆದು ಹೆಲ್ಮೆಟ್ಟಿನಲ್ಲಿ ಕುಲುಕಿದಳು. ನಾಲ್ಕು ಚೀಟಿ ಎತ್ತಿದಳು. ಹಿಟ್ಟಿಲ್ಲ, ಬರೀ ಬಲೆ.

ಮೊದಲ ಚೌಕದಲ್ಲಿ ಏಳು ಮೀನು, ಆರಕ್ಕೆ ಗುರುತು. ಎರಡನೆಯದರಲ್ಲಿ ಬಲೆ ಬರಿದು. ಮೂರನೆಯದರಲ್ಲಿ ಐದು, ನಾಲ್ಕಕ್ಕೆ ಗುರುತು.

ಕೊನೆಯ ಚೀಟಿ ಹದಿನೇಳು. ಆ ಚೌಕ ಗುಹೆಯೊಳಗಿನ ಜಲಪಾತದ ಹಿಂದೆ, ಬಂಡೆಯ ಬಿರುಕು ದಾಟಿ. ಹೊರಗೆಲ್ಲೋ ಮಳೆ ಬಂದಿರಬೇಕು, ನೀರು ಮೊಣಕಾಲಿನಿಂದ ಸೊಂಟಕ್ಕೆ ಏರಿತ್ತು.

"ಬೇರೆ ಚೀಟಿ ಎತ್ತಮ್ಮ," ಎಂದಳು ಹಗ್ಗದಕ್ಕ. "ಅಲ್ಲಿ ಹೋದ್ರೆ ಹೆಣ ಬರುತ್ತೆ."

"ಕಷ್ಟ ಅಂತ ಚೀಟಿ ಬದಲಾಯಿಸಿದ್ರೆ ಮಾವನ ಹಿಟ್ಟಿಗೂ ಇದಕ್ಕೂ ಏನಕ್ಕ ವ್ಯತ್ಯಾಸ?"

ಹಗ್ಗದಕ್ಕ ಬೈಯುತ್ತಲೇ ಗಂಟು ಬಿಗಿದಳು.

ಬಿರುಕಿನೊಳಗೆ ನೀರು ಕತ್ತು ಮುಟ್ಟಿತು. ಮಾವನ ಕಾಲು ಜಾರಿತು. ಅವನ ತಲೆದೀಪ ನೀರಿನಲ್ಲಿ ಆರಿತು. ಎಣಿಕೆಗಾರ್ತಿ ಅವನ ಕಾಲರು ಹಿಡಿದೆಳೆದಳು. ಹಗ್ಗದಕ್ಕನ ಹಗ್ಗ ಬಿಗಿದು ಇಬ್ಬರನ್ನೂ ತಡೆಯಿತು.

"ಬೀಸಿ ಮಾವ!"

ಮಾವ ಕೆಮ್ಮುತ್ತ ಬೀಸಿದ. ಮೂರು ಸಲ. ಬಲೆ ಭಾರವಾಗಿ ಬಂತು. ಅವಳು ತನ್ನ ತಲೆದೀಪದ ಬೆಳಕಿಗೆ ಒಂದೊಂದೇ ಬಾಲ ಹಿಡಿದು ನೋಡಿ ಮೀನನ್ನು ಬಿಟ್ಟಳು. ಹದಿನೆಂಟು ಮೀನು, ಗುರುತಿದ್ದದ್ದು ಎರಡಕ್ಕೆ.

ದಡಕ್ಕೆ ಮರಳಿದಾಗ ಮೂವರ ತುಟಿಯೂ ನೀಲಿಗಟ್ಟಿತ್ತು. ಅವಳು ಲೆಕ್ಕ ಬರೆದಳು. "ನಾಲ್ಕೂ ಚೌಕ ಸೇರಿ ಮೂವತ್ತರಲ್ಲಿ ಹನ್ನೆರಡು, ಅಂದ್ರೆ ಐದಕ್ಕೆ ಎರಡು. ಗುರುತಿನವು ಅರವತ್ತು, ಹಾಗಾದ್ರೆ ಒಟ್ಟು ನೂರೈವತ್ತು."

ಮಾವನ ಮುಖ ಅರಳಿತು. "ಬದುಕಿಕೊಂಡ್ವು!"

"ಗೊತ್ತಿಲ್ಲ ಮಾವ. ನಾಲ್ಕೇ ಚೌಕ ನೋಡಿರೋದು. ನೂರರ ಹತ್ತಿರಕ್ಕೂ ಇಳಿಯಬಹುದು, ಇನ್ನೂರೈವತ್ತಕ್ಕೂ ಏರಬಹುದು."

"ಅದನ್ನ್ಯಾಕೆ ಬರೀತೀಯ? ನೂರೈವತ್ತು ಅಂದು ಸುಮ್ಮನಿರು. ನೂರು ಅಂತ ಕಂಡ್ರೆ ಅವರು ಪಂಪು ಹಚ್ಚಿಬಿಡ್ತಾರೆ."

"ಹಚ್ಚಿದ್ರೂ ಹಚ್ಚಬಹುದು. ಆದ್ರೆ ಅರವತ್ತೇಳು ಅಂತ ಸುಳ್ಳು ಬರೆದು ನಾನೇ ಕೊಲ್ಲೋದಂತೂ ತಪ್ಪಿತು." ನೂರೈವತ್ತನ್ನೂ, ನೂರರಿಂದ ಇನ್ನೂರೈವತ್ತರ ಅಂತರವನ್ನೂ ಬರೆದು ಸಹಿ ಹಾಕಿದಳು.

ಹೊರಡುವಾಗ ದಡದ ಮೀನುಗಳು ಮಾವನ ಹೆಜ್ಜೆ ಸಪ್ಪಳಕ್ಕೆ ಓಡಿ ಬಂದು ಕಾಲ ಬಳಿ ಬಾಯಿ ತೆರೆದು ನಿಂತವು. ಅವನ ಜೇಬಿನಲ್ಲಿ ಒದ್ದೆ ಹಿಟ್ಟಿನ ಒಂದು ಉಂಡೆ ಉಳಿದಿತ್ತು. ಕೈ ಜೇಬಿಗೆ ಹೋಯಿತು.

ಮತ್ತೆ ಎಣಿಸಬೇಕಾಗಿ ಬಂದರೆ? ಕೈ ಖಾಲಿಯಾಗಿಯೇ ಹೊರಬಂತು.

"ಇಲ್ಲ ಕಣ್ರಪ್ಪಾ," ಎಂದ ಮಾವ. ಆಮೇಲೆ ಹಿಂದಿರುಗಿ ನೋಡದೆ ಹಗ್ಗ ಹಿಡಿದು ಹತ್ತತೊಡಗಿದ.