ಜೋಡಿ ಫಿಲ್ಟರ್

ಇಂಜಿನ್ನಿಗೆ ಒಂದೇ ಡೀಸೆಲ್ ಫಿಲ್ಟರ್ ಸಾಕು ಎಂದು ಕ್ಯಾಪ್ಟನ್ ಹೇಳಿದ್ದೇ ತಡ, ಅವಳ ಹುಬ್ಬು ಗಂಟಿಕ್ಕಿತು.

ಬೋಟ್ ಯಾರ್ಡಿನವರೆಲ್ಲ ಅವಳನ್ನು ಸ್ಪ್ಯಾನರ್ ಎಂದೇ ಕರೆಯುತ್ತಿದ್ದರು. ಅಪ್ಪನ ವರ್ಕ್‌ಶಾಪಿನಲ್ಲೇ ಬೆಳೆದವಳು, ಮಾತೂ ಹಾಗೇ ಗಟ್ಟಿ. ಕ್ಯಾಪ್ಟನ್ನೋ, ಬೇರೆಯವರ ಬೋಟು ಓಡಿಸಿಯೇ ಕಿವಿಯ ಪಕ್ಕ ನರೆಸಿಕೊಂಡವನು. ಈಗ ತನ್ನದೇ ಮೋಟಾರ್ ಯಾಟ್ ಕೊಂಡು, ಇಂಜಿನ್ ಕೆಲಸಕ್ಕೆ ಇವಳ ಬಳಿ ತಂದು, ಸಾಗರ ದಾಟಿ ಹೋಗುತ್ತೇನೆಂದು ಹಟ ಹಿಡಿದಿದ್ದ. ಅದೂ ಒಬ್ಬನೇ.

ದೂರದ ಬಂದರಿನ ಡೀಸೆಲ್‌ನಲ್ಲಿ ನೀರಿರುತ್ತದೆ, ಅಲೆಗೆ ಟ್ಯಾಂಕಿನ ತಳದ ಕೊಳೆಯೆಲ್ಲ ಎದ್ದು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಒಂದೇ ಇದ್ದರೆ ಇಂಜಿನ್ ಅಲ್ಲೇ ನಿಂತೀತು ಎಂದಳು. ಜೋಡಿ ಇದ್ದರೆ ಹಿಡಿ ತಿರುಗಿಸಿದರಾಯಿತು, ಇನ್ನೊಂದು ಕೆಲಸ ಮಾಡುತ್ತದೆ. ಅಂಥ ಅಲೆಯಲ್ಲಿ ಚುಕ್ಕಾಣಿ ಬಿಟ್ಟು ಕೆಳಗಿಳಿದು ತಿರುಗಿಸುವವರು ಯಾರು, ಒಬ್ಬನಿಗೆ ಒಂದಾದರೇನು ಎರಡಾದರೇನು ಎಂದು ಅವನೂ ಪಟ್ಟು ಬಿಡಲಿಲ್ಲ.

ದಿನಾ ಇದೇ ಜಗಳ. ಕೇಳಿ ಕೇಳಿ ಅಪ್ಪನಿಗೆ ಸಾಕಾಯಿತು.

"ನಾನೂ ನಿಮ್ಮಮ್ಮನ ಹಿಂದೆ ಸುತ್ತಿದವನೇ ಕಣಮ್ಮ. ಡೀಸೆಲ್ ವಿಷಯ ಮಾತ್ರ ಎತ್ತಿರ್ಲಿಲ್ಲ."

ಅವಳು ಕೇಳಿಸದವಳಂತೆ ನಟ್ಟು ಉಜ್ಜಿದಳು.

ಕೊನೆಗೆ ಅಣ್ಣನ ಮಾತು ತೆಗೆದಳು. ಅವನ ಬೋಟಿನ ಇಂಜಿನ್ ನಿಂತದ್ದೂ ಹೀಗೇ. ಬೋಟು ಅಲೆಗೆ ಅಡ್ಡವಾಯಿತು. ಅಣ್ಣ ಮನೆಗೆ ಬರಲಿಲ್ಲ. ಕ್ಯಾಪ್ಟನ್ ಅವಳ ಕಪ್ಪಾದ ಉಗುರುಗಳನ್ನೇ ನೋಡುತ್ತ ಕೂತ. ಆಮೇಲೆ, ಜೋಡಿಯನ್ನೇ ಹಾಕಿ ಎಂದ.

ಪರೀಕ್ಷೆಯ ದಿನ ಇಂಜಿನ್ ಚಾಲೂ ಮಾಡಿ ಇಬ್ಬರೂ ಇಂಜಿನ್ ರೂಮಿಗಿಳಿದರು. ಫಿಲ್ಟರಿನ ಗಾಜಿನ ಬಟ್ಟಲಲ್ಲಿ ಡೀಸೆಲ್ ಜೇನುಬಣ್ಣಕ್ಕೆ ತಿಳಿಯಾಗುತ್ತಿತ್ತು. ಆಚೆ ಬದಿಯಿಂದ ಅವನೂ ಬಗ್ಗಿ ನೋಡುತ್ತಿದ್ದ. ಡೀಸೆಲ್ ನೋಡುವ ನೆಪದಲ್ಲಿ ಅವಳು ಅವನ ಕಣ್ಣು ನೋಡಿದಳು, ಸಿಕ್ಕಿಬಿದ್ದಳು, ಬಟ್ಟಲು ಒರೆಸತೊಡಗಿದಳು.

ಹಿಡಿ ತಿರುಗಿಸಲು ಅವನು ಸೊಂಟ ಬಗ್ಗಿಸಿ, ಪೈಪಿನ ಕೆಳಗೆ ತಲೆ ತೂರಿಸಬೇಕಾಯಿತು.

"ಇದು ನನ್ನ ಅಳತೆಗೆ ಕೂರ್ಸಿಲ್ಲ" ಎಂದ.

ನಿಜ. ಹಿಡಿ ಸರಿಯಾಗಿ ಅವಳ ಭುಜದೆತ್ತರಕ್ಕಿತ್ತು. ಫಿಲ್ಟರ್ ಕೂರಿಸಲು ಗೋಡೆಗೆ ಗುರುತು ಹಾಕುವಾಗ ಟೇಪು ಹಿಡಿದಿರಲಿಲ್ಲ. ಕೈ ಚಾಚಿ, ಸಿಕ್ಕಲ್ಲಿ ಗೆರೆ ಎಳೆದಿದ್ದಳು, ಅಲ್ಲಿ ನಿಲ್ಲುವವಳು ತಾನೇ ಎಂಬಂತೆ. ಅವಳ ಕಿವಿ ಬಿಸಿಯಾಯಿತು.

"ಬಿಚ್ಚಿ ಮೇಲೆ ಹಾಕ್ತೀನಿ."

"ಬೇಡ." ಅವನು ಇಂಜಿನ್ ನಿಲ್ಲಿಸಿದ. "ಚುಕ್ಕಾಣಿ ನಾನು ನೋಡ್ಕೋತೀನಿ. ಕೆಳಗೆ ನೀವಿರ್ತೀರಾ?"

"ಅಣ್ಣ ಹೋದ್ಮೇಲೆ ನಾನು ಸಮುದ್ರಕ್ಕೆ ಹೋಗಿಲ್ಲ."

"ಗೊತ್ತು, ಯಾರ್ಡಿನವರು ಮೊದ್ಲೇ ಹೇಳಿದ್ರು. ಕೆಳಗೆ ನಿಲ್ಲೋಕೆ ನೀವು ಬರಲ್ಲ ಅಂತ್ಲೇ ಒಂದೇ ಸಾಕು ಅಂದಿದ್ದು."

ಫಿಲ್ಟರನ್ನು ಗೋಡೆಗೆ ಹಿಡಿದಿದ್ದ ಬೋಲ್ಟುಗಳನ್ನು ಅವಳಿನ್ನೂ ಪೂರ್ತಿ ಬಿಗಿದಿರಲಿಲ್ಲ. ಒಂದನ್ನು ಬೆರಳಿನಿಂದ ಅಲುಗಿಸಿ ನೋಡಿದಳು. ಹೊರಗೆ ನೀರು ಬೋಟಿನ ಮೈ ತಟ್ಟುತ್ತಿತ್ತು. ಆಮೇಲೆ ಸ್ಪ್ಯಾನರ್ ತೆಗೆದು ಒಂದೊಂದಾಗಿ ಬಿಗಿದಳು, ಕೊನೆಯ ಸುತ್ತಿನವರೆಗೂ.

"ಇಂಜಿನ್ ಸದ್ದಲ್ಲಿ ಮೇಲಿಂದ ಕರೆದ್ರೆ ನಂಗೆ ಕೇಳ್ಸಲ್ಲ" ಎಂದಳು, ಅವನ ಕಡೆ ತಿರುಗದೆ. "ಒಂದು ಬೆಲ್ ಹಾಕ್ಬೇಕು."